ಅಪ್ಪ ಹೋದರು, ಸಾಲದಿಂದ ಮುಖ ತೋರಿಸಲಾಗುತ್ತಿಲ್ಲ. ದೇವರ ಪ್ರೀತಿಯ ಮೇಲೆ ನಂಬಿಕೆ ಮರಳುವವರೆಗೆ ಚರ್ಚಿಗೆ ಹೋಗದಿರುವುದೇ ಒಳ್ಳೆಯದಾ?

ಅಲ್ಲ. ನಾನು ಐದು ತಿಂಗಳು ಹೋಗಲಿಲ್ಲ. ನಂಬಿಕೆ ಬರಲಿಲ್ಲ, ಅಸಿಡಿಟಿ ಬಂತು.

ಅಪ್ಪ ಹೋದ ದುಃಖಕ್ಕೆ ನನ್ನ ಹತ್ತಿರ ಮಾತಿಲ್ಲ. ಸಾಲದ ನಾಚಿಕೆ ಮಾತ್ರ ಚೆನ್ನಾಗಿ ಗೊತ್ತು.

ಗದಗದಲ್ಲಿ ಸಣ್ಣ ಸ್ಟೇಷನರಿ ಅಂಗಡಿ ಇತ್ತು. ಜೊತೆಗೆ 20 ಜನರ ಚೀಟಿ ನಡೆಸುತ್ತಿದ್ದೆ, ತಿಂಗಳಿಗೆ ತಲಾ 2,000. ಒಂದು ತಿಂಗಳು ನಮ್ಮ ಸಭೆಯ, ಗಂಡ ತೀರಿಕೊಂಡ ಒಬ್ಬ ಅಕ್ಕನ ಪಾಳಿ. ಅವರ 40,000 ತೆಗೆದು ನೋಟ್‌ಬುಕ್ ಮಾಲಿಗೆ ಹಾಕಿಬಿಟ್ಟೆ. ಆ ವರ್ಷ ಶಾಲೆಯವರೇ ಮಾರಲು ಶುರು ಮಾಡಿದರು. ಮಾಲು ಹಾಗೇ ಕೂತಿತು.

ದುಡ್ಡು ಮುಟ್ಟಿದ್ದು ತಪ್ಪೇ. ಆದರೆ ನನ್ನನ್ನು ಮುಳುಗಿಸಿದ್ದು "ಮುಂದಿನ ವಾರ ಕೊಡ್ತೀನಕ್ಕಾ" ಅಂದೆನಲ್ಲ, ಆ ಮಾತು. ಹೇಳುವಾಗ ಕೈಯಲ್ಲಿ ನಾಲ್ಕು ಸಾವಿರವೂ ಇರಲಿಲ್ಲ. "ಖರ್ಚು ಮಾಡಿಬಿಟ್ಟೆ, ತಿಂಗಳಿಗಿಷ್ಟು ಅಂತ ತೀರಿಸ್ತೀನಿ" ಅಂತ ಅವತ್ತೇ ಹೇಳಿದ್ದರೆ ಬೈಯುತ್ತಿದ್ದರು, ಅಷ್ಟೇ ಅಲ್ವಾ? ಒಂದು ವಾರದ ಸುಳ್ಳು ಕಾಪಾಡಲು ಎರಡನೇ ವಾರ ಫೋನ್ ಎತ್ತಲಿಲ್ಲ. ಮೂರನೇ ವಾರ ಅವರ ಓಣಿ ಬಿಟ್ಟೆ. ಅವರು ಕೂರುವ ಬೆಂಚು ಕಣ್ಣಿಗೆ ಬೀಳುತ್ತದೆ ಅಂತ ಚರ್ಚೂ ಬಿಟ್ಟೆ. ಇಷ್ಟೆಲ್ಲ ಮಾಡಿ, ದೇವರು ನನ್ನ ಕೈ ಬಿಟ್ಟ ಅಂತ ಹೇಳಿಕೊಂಡು ತಿರುಗಿದೆ!

ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಐತವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಸತ್ಯವೇದ ಚೀಲದಲ್ಲಿಟ್ಟುಕೊಂಡು, ಬಸ್ ಸ್ಟ್ಯಾಂಡ್ ಹತ್ತಿರ ಮೂರು ಚಹಾ ಕುಡಿದು ವಾಪಸ್ ಬರುತ್ತಿದ್ದೆ. ಸಂಜೆ ಊರಿಂದ ಅವ್ವನ ಫೋನು: "ಇವತ್ತ ಯಾವ ಕೀರ್ತನಿ ಓದಿದ್ರು?" ಒಂದು ಸಲ ಬಾಯಿಗೆ ಬಂದ ಹಾಗೆ 31 ಅಂದೆ. "ಓದು, ಕೇಳ್ತೀನಿ" ಅಂದಳು.

ಸುಮ್ನೆ ಓದತೊಡಗಿದೆ. ನನಗೆ ಅವಮಾನವಾಗಲು ಬಿಡಬೇಡ ಅಂತಲೇ ಶುರು. ಶಿಲುಬೆಯ ಮೇಲೆ ಯೇಸು ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದ ಮಾತೂ ಇಲ್ಲಿಯದೇ. ದುಃಖದಿಂದ ಕಣ್ಣು ಸೊರಗಿದೆ, ನಾನು ಒಡೆದ ಮಡಕೆ ಅಂತಾನೆ ಬರೆದವನು. ಬೀದಿಯಲ್ಲಿ ಕಂಡವರು ನನ್ನಿಂದ ಓಡಿಹೋಗುತ್ತಾರೆ ಅನ್ನುವ ಕಡೆ ನನ್ನ ದನಿ ನಿಂತಿತು. ನನ್ನನ್ನು ಕಂಡು ಯಾರೂ ಓಡಿರಲಿಲ್ಲ. ಓಡುತ್ತಿದ್ದವನು ನಾನು.

ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ದೇವರ ಕಣ್ಣಿಂದ ದೂರವಾಗಿಬಿಟ್ಟೆ ಅಂತ ಆ ಕೀರ್ತನೆ ಬರೆದವನೂ ಗಾಬರಿಯಲ್ಲಿ ಅಂದವನೇ. ಆದರೆ ಅಂದದ್ದು ದೇವರಿಗೇ, ಅವನ ಕೃಪೆಯನ್ನು ಬೇಡುತ್ತಲೇ. ದೂರುವುದಿದ್ದರೂ ಒಳಗೆ ಹೋಗಿ ದೂರಿ. ಅದಕ್ಕೂ ಮೊದಲು ಸಾಲ ಕೊಟ್ಟವರಿಗೆ ಇವತ್ತೇ ಫೋನ್ ಮಾಡಿ. ಪ್ರಾರ್ಥನೆ ಆಮೇಲೆ. ಬೇಜಾರಾದರೆ ಆಗಲಿ.

ಅವ್ವನಿಗೆ ಕೀರ್ತನೆ ಓದಿದ ಮರುದಿನ ನಾನು ಅಕ್ಕನ ಮನೆಗೆ ಹೋದೆ. ಚೆನ್ನಾಗಿ ಬೈದರು. ನೀರು ಕೊಟ್ಟು, "ರೊಕ್ಕ ಹೆಂಗರೆ ತೀರಿಸು. ಐತವಾರ ಎಲ್ಲಿ ಹೋಗ್ತಿದ್ದಿ?" ಅಂದರು. 2,000ದಂತೆ 20 ತಿಂಗಳು ಕೊಟ್ಟೆ. ಚೀಟಿಯ ಇನ್ನೊಬ್ಬರು ಇವತ್ತಿಗೂ ಮಾತಾಡಿಸುವುದಿಲ್ಲ. ಅವ್ವನಿಗೆ ಆ ಮೂರು ಚಹಾದ ವಿಷಯ ಮಾತ್ರ ಇನ್ನೂ ಹೇಳಿಲ್ಲ.