ಕಾಟಿ ಎದುರಾದಾಗ ನಾಯಿಯನ್ನು ಬಿಡಬೇಕೇ?

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ: ತೋಟದ ಮೇಲಿನ ಗುಡ್ಡದಲ್ಲಿ ಕಾಟಿ (ಕಾಡುಕೋಣ) ಕಂಡು ಅವರ ಲ್ಯಾಬ್ರಡಾರ್ ಬೊಗಳುತ್ತ ನುಗ್ಗಲು ನೋಡಿತು, ಅವರು ಕಷ್ಟಪಟ್ಟು ಹಿಡಿದುಕೊಂಡರು. ‘ಬಿಟ್ಟಿದ್ದರೆ ಅದೇ ಓಡಿಸುತ್ತಿತ್ತು’ ಎಂದು ಮನೆಯವರ ವಾದ. ಯಾವುದು ಸರಿ, ಮಳೆ ಮುಗಿದ ಮೇಲೆ ನಾಯಿಯನ್ನು ಕುಮಾರಪರ್ವತಕ್ಕೂ ಕರೆದೊಯ್ಯಬಹುದೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ಹಿಡಿದುಕೊಂಡದ್ದೇ ಸರಿ. ಬಿಟ್ಟ ನಾಯಿ ಕಾಟಿಯನ್ನೋ ಆನೆಯನ್ನೋ ಕರಡಿಯನ್ನೋ ಸ್ವಲ್ಪ ಹೊತ್ತು ಕೆಣಕುತ್ತದೆ. ಅದು ತಿರುಗಿಬಿದ್ದ ಕೂಡಲೇ ಬಾಲ ಮುದುರಿ ಓಡಿಬರುವುದು ಯಜಮಾನನ ಕಾಲಬುಡಕ್ಕೇ; ಸಿಟ್ಟಿಗೆದ್ದ ಪ್ರಾಣಿ ಅದರ ಬೆನ್ನಿಗೇ ಇರುತ್ತದೆ.

ಹಗ್ಗ ಆರು ಅಡಿಯದಿರಲಿ, ಗಟ್ಟಿ ಪಟ್ಟಿಯದು. ಗುಂಡಿ ಒತ್ತಿದರೆ ಉದ್ದವಾಗುವ ಪೇಟೆಯ ಹಗ್ಗ ಗುಡ್ಡಕ್ಕೆ ಬೇಡವೇ ಬೇಡ: ಪೊದೆಗೆ ಸುತ್ತಿಕೊಳ್ಳುತ್ತದೆ, ಜಗ್ಗಿದರೆ ಬೆರಳು ಕೊಯ್ಯುತ್ತದೆ, ತಿರುವಿನಾಚೆ ಇರುವುದನ್ನು ನಿಮಗಿಂತ ಮೊದಲು ನಾಯಿ ಮುಟ್ಟಿರುತ್ತದೆ. ಕೊರಳಪಟ್ಟಿಗಿಂತ ಎದೆಪಟ್ಟಿ ಮೇಲು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿ ತಲೆಯಿಂದ ಕಳಚಿಕೊಳ್ಳುತ್ತದೆ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಬೇಡಿ, ಸೊಂಟಕ್ಕೆ ಕಟ್ಟಲೇಬೇಡಿ.

ಕಾಟಿ ಕಂಡರೆ ಅಲ್ಲೇ ನಿಂತು, ಹಗ್ಗ ಗಿಡ್ಡ ಮಾಡಿ, ನಾಯಿಯನ್ನು ಬೆನ್ನ ಹಿಂದಕ್ಕೆ ತಂದುಕೊಂಡು ಬಂದ ದಾರಿಯಲ್ಲೇ ನಿಧಾನವಾಗಿ ಹಿಂದೆ ಸರಿಯಿರಿ. ಹಿಂಡು ದಾರಿಯ ಎರಡೂ ಬದಿಗಿದ್ದರೆ ನಡುವೆ ನುಸುಳಬಾರದು. ಕರು ಒಂದು ಕಡೆ, ತಾಯಿ ಇನ್ನೊಂದು ಕಡೆ ಇದ್ದೀತು. ಬಿಸ್ಕತ್ತು ತೋರಿಸಿ ನಾಯಿಯ ಗಮನ ಸೆಳೆಯುವುದು ಒಳ್ಳೆಯ ಉಪಾಯ, ಆದರೆ ಅದನ್ನು ಮೊದಲೇ ಅಂಗಳದಲ್ಲಿ, ದನ ಕಂಡಾಗೆಲ್ಲ ರೂಢಿ ಮಾಡಿಸಿರಬೇಕು. ಇಷ್ಟಾದರೂ ಕಾಟಿ ನುಗ್ಗಿಯೇ ಬಂದರೆ ಹಗ್ಗ ಕೈಬಿಡಿ. ಮಣಿಕಟ್ಟಿಗೆ ಸುತ್ತಬೇಡಿ ಎಂದದ್ದು ಇದಕ್ಕೇ. ಮೊದಲೇ ಬಿಟ್ಟರೆ ನಾಯಿ ಅಪಾಯವನ್ನು ಕರೆತರುತ್ತದೆ; ನುಗ್ಗಿದ ಮೇಲೂ ಹಿಡಿದಿದ್ದರೆ ಇಬ್ಬರೂ ಒಂದೇ ಏಟಿಗೆ ಸಿಗುತ್ತೀರಿ. ನಾಯಿ ನಿಮಗಿಂತ ಚುರುಕು, ತಪ್ಪಿಸಿಕೊಂಡೀತು. ನೀವು ದಪ್ಪ ಮರದ ಮರೆಗೆ ಹೋಗಿ.

ಚಿರತೆಯ ಲೆಕ್ಕವೇ ಬೇರೆ, ಅದಕ್ಕೆ ಬೇಕಾದದ್ದು ನಾಯಿಯೇ. ಹಿಮಾಲಯದ ಕುರಿಗಾಹಿಗಳು ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುವುದು ಚಿರತೆ ಗಂಟಲಿಗೇ ಬಾಯಿ ಹಾಕುತ್ತದೆಂದು. ನಿಮಗೆ ಅದರ ಅಗತ್ಯವಿಲ್ಲ. ಮುಸ್ಸಂಜೆಯಿಂದ ಬೆಳಕು ಹರಿಯುವವರೆಗೆ ಗುಡ್ಡದ ಕಡೆ ಹೋಗದಿದ್ದರೆ ಬಹುಪಾಲು ಅಪಾಯ ತಪ್ಪುತ್ತದೆ. ಕಂಡೇಬಿಟ್ಟರೆ ಓಡಬೇಡಿ, ಬಗ್ಗಬೇಡಿ, ಗಟ್ಟಿಯಾಗಿ ಕೂಗುತ್ತ ಹಿಂದೆ ಸರಿಯಿರಿ.

ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ ಉಣುಗು ಹುಡುಕಿ. ಒಂದೇ ಹೊಳ್ಳೆಯಲ್ಲಿ ರಕ್ತ ಬಂದು ಸೀನುತ್ತಿದ್ದರೆ ಮೂಗಿಗೆ ಇಂಬಳ (ಜಿಗಣೆ) ಹೊಕ್ಕಿರಬಹುದು. ಚಿಮಟ ಹಾಕಿ ಕೀಳದೆ ಪಶುವೈದ್ಯರಿಗೆ ತೋರಿಸಿ.

ಕುಮಾರಪರ್ವತಕ್ಕೆ ಮಾತ್ರ ಬೇಡ. ಅದು ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ. ಅನುಮತಿಯ ಮಾತು ಹಾಗಿರಲಿ, ರೋಗದ ಭಯ ದೊಡ್ಡದು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸತ್ತ ಸಿಂಹಗಳಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಪತ್ತೆಯಾಗಿತ್ತು. ಇಲ್ಲಿನ ಸೀಳುನಾಯಿಗಳಿಗೂ ಅದು ತಗಲಬಲ್ಲದು. ನಿಮ್ಮ ತೋಟದಂಚಿನಲ್ಲೂ ಸೀಳುನಾಯಿ ಓಡಾಡುವುದಾದರೆ ಡಿಸ್ಟೆಂಪರ್, ಪಾರ್ವೊ, ರೇಬಿಸ್ ಲಸಿಕೆ ಹಾಕಿಸದೆ ನಾಯಿಯನ್ನು ಗುಡ್ಡ ಹತ್ತಿಸಬೇಡಿ.