ಓದುಗರ ಪ್ರಶ್ನೆ: ಶೈಯೆನ್ನರ ಟೀಪಿ, ಬುತ್ತಿ, ನ್ಯಾಯ

ಉತ್ತರ ಅಮೆರಿಕದ ಶೈಯೆನ್ ಮೂಲನಿವಾಸಿಗಳ ಕುರಿತು ಕಳೆದ ಸಂಚಿಕೆಯಲ್ಲಿ ಲೇಖನ ಬಂದ ಮೇಲೆ ಬೆಂಗಳೂರಿನ ಓದುಗರು ಹಲವು ಪ್ರಶ್ನೆ ಕಳಿಸಿದ್ದಾರೆ. ಲೇಖನ ಓದದವರಿಗಾಗಿ ಎರಡು ಮಾತು. ಶೈಯೆನ್ನರು ಹಿಂದೆ ಇಂದಿನ ಮಿನೆಸೋಟ, ಉತ್ತರ ಡಕೋಟ ಕಡೆ ಮುಸುಕಿನ ಜೋಳ ಬೆಳೆದುಕೊಂಡು, ಮಣ್ಣು ಹೊದಿಸಿದ ಮನೆಗಳ ಊರು ಕಟ್ಟಿಕೊಂಡಿದ್ದವರು. ಕ್ರಮೇಣ ಪಶ್ಚಿಮಕ್ಕೆ ಸರಿದರು. 18ನೇ ಶತಮಾನದಲ್ಲಿ ಕುದುರೆ ಸಿಕ್ಕ ಮೇಲೆ ಹುಲ್ಲುಬಯಲಿನಲ್ಲಿ ಬೈಸನ್ ಎಂಬ ಕಾಡುಕೋಣದಂಥ ಪ್ರಾಣಿಯ ಹಿಂಡುಗಳ ಜೊತೆ ಸಾಗುವ ಬದುಕು ಅವರದಾಯಿತು. ಕಂಬಗಳ ಮೇಲೆ ಹೊದಿಕೆ ಸುತ್ತಿ ನಿಲ್ಲಿಸುವ, ಶಂಕುವಿನಾಕಾರದ ಡೇರೆಯಾದ ಟೀಪಿಯೇ ಅವರ ಮನೆ.

ಪ್ರಶ್ನೆ: ನಮ್ಮ ಶಾಲೆಯ ಮೈದಾನದಲ್ಲಿ ಮಕ್ಕಳಿಂದಲೇ ಶೈಯೆನ್ ಮಾದರಿಯ ಟೀಪಿ ಕಟ್ಟಿಸಬೇಕೆಂದಿದ್ದೇವೆ. ಇಲ್ಲಿ ಸಿಗುವ ಸಾಮಾನಿನಲ್ಲೇ ಆಗುತ್ತದೆಯೇ? — ಶಿಕ್ಷಕಿ, ಬನಶಂಕರಿ

ಖಂಡಿತ ಆಗುತ್ತದೆ. ಸುಮಾರು 10 ಅಡಿ ಅಗಲದ ಟೀಪಿಯ ಲೆಕ್ಕ ಕೊಡುತ್ತೇವೆ, ಅದರಲ್ಲಿ ಎಂಟು ಹತ್ತು ಮಕ್ಕಳು ಕೂರಬಹುದು.

ಹೊದಿಕೆ ಅಂದರೆ ಬಿಚ್ಚಿ ಹಾಸಿದರೆ ಒಂದು ಅರ್ಧವೃತ್ತ. ಅರ್ಧವೃತ್ತದ ತ್ರಿಜ್ಯ ಎಷ್ಟೋ ಸುತ್ತಿ ನಿಲ್ಲಿಸಿದಾಗ ಬುಡದ ಅಗಲವೂ ಅಷ್ಟೇ ಬರುತ್ತದೆ, ಮಕ್ಕಳು ಕಾಗದ ಕತ್ತರಿಸಿ ನೋಡಲಿ. 5 ಅಡಿ ಪನ್ನದ ದಪ್ಪ ಹತ್ತಿ ಕ್ಯಾನ್ವಾಸ್ ತೆಗೆದುಕೊಳ್ಳಿ. 20 ಅಡಿಯದೊಂದು, ಹದಿನೇಳೂವರೆ ಅಡಿಯದೊಂದು ಪಟ್ಟಿ ಜೋಡಿಸಿ ಹೊಲಿದು, 10 ಅಡಿ ಹಗ್ಗದಿಂದ ಕಮಾನು ಎಳೆದು ಕತ್ತರಿಸಿ. ಹೊಗೆಕಿವಿಗಳಿಗೂ ಸೇರಿ 14 ಮೀಟರ್ ಬಟ್ಟೆ ಸಾಕು. ಹೊಗೆಕಿವಿ ಎಂದರೆ ನೆತ್ತಿಯ ಕಿಂಡಿಯ ಎರಡು ಪಕ್ಕಕ್ಕೆ ಹೊಲಿಯುವ, ಒಂದು ಅಡಿ ಅಗಲ, ಮೂರು ಅಡಿ ಉದ್ದದ ರೆಕ್ಕೆಗಳು. ಅವೆರಡರ ನಡುವೆ, ನೇರ ಅಂಚಿನ ಸರಿ ಮಧ್ಯದಲ್ಲಿ, ಕಂಬಕ್ಕೆ ಕಟ್ಟಲು ಗಟ್ಟಿ ಲಾಡಿ ಹೊಲಿಯಿರಿ. ಇಡೀ ಹೊದಿಕೆಯ ಭಾರ ಬೀಳುವುದು ಅಲ್ಲೇ, ಆದ್ದರಿಂದ ಅಲ್ಲಿ ಬಟ್ಟೆ ಎರಡು ಪದರ ಇರಲಿ.

ಕಂಬಕ್ಕೆ ನಮ್ಮ ಸರ್ವೆ ಮರ ಚೆನ್ನಾಗಿ ಹೊಂದುತ್ತದೆ. ಬುಡದಲ್ಲಿ ಎರಡೂವರೆ ಇಂಚಿನ, 13 ಅಡಿ ಉದ್ದದ ಗಳ 13 ಬೇಕು: ಅಡಿಪಾಯದ ಮೂರು ಕಾಲಿನ ಚೌಕಟ್ಟಿಗೆ (ಮುಕ್ಕಾಲಿ) 3, ನಡುವೆ ತುಂಬಲು 7, ಹೊದಿಕೆ ಎತ್ತಲು 1, ಹೊಗೆಕಿವಿಗೆ 2. ತೊಗಟೆ ಪೂರ್ತಿ ಕೆತ್ತಿ, ಗಂಟುಗಳನ್ನು ಉಜ್ಜಿ ನುಣುಪು ಮಾಡಿಸಿ. ಇದು ಅಂದಕ್ಕಲ್ಲ. ಮಳೆನೀರು ಕಂಬದ ಒಳಮೈ ಹಿಡಿದು ಕೆಳಗಿಳಿಯುತ್ತದೆ, ದಾರಿಯಲ್ಲಿ ಒಂದು ಗಂಟು ಸಿಕ್ಕರೆ ಅಲ್ಲಿಂದ ತೊಟ್ಟಿಕ್ಕಿ ಕೂತವರ ತಲೆ ಮೇಲೆ ಬೀಳುತ್ತದೆ.

ಶೈಯೆನ್ನರು ಮೂರು ಕಂಬದ ಮುಕ್ಕಾಲಿ ಕಟ್ಟುತ್ತಾರೆ. ಅವರ ನೆರೆಯ ಕ್ರೋ ಮತ್ತು ಬ್ಲ್ಯಾಕ್‌ಫೂಟ್ ಜನರದು ನಾಲ್ಕು ಕಂಬದ ಅಡಿಪಾಯ. ಎರಡು ಹಿಂಗಂಬಗಳನ್ನು ಜೋಡಿಸಿ ಮಲಗಿಸಿ, ಬಾಗಿಲ ಕಂಬವನ್ನು ಅವುಗಳ ಮೇಲೆ ಅಡ್ಡ ಇಟ್ಟು, ಬುಡದಿಂದ 10 ಅಡಿಗೆ ಬಿಗಿಯಾಗಿ ಕಟ್ಟಿ. ನಿಜವಾದ ಟೀಪಿ ಸಮ ಶಂಕುವಲ್ಲ. ಅದರ ಬೆನ್ನು ಕಡಿದು, ಮುಂಭಾಗ ಇಳಿಜಾರು. ಆ ಓರೆ ಬೇಕಿದ್ದರೆ ಬಾಗಿಲ ಕಂಬವನ್ನು ಹತ್ತೂವರೆ ಅಡಿಗೆ ಕಟ್ಟಿ. ಮುಂದಿನ ಅಂಚು ಸ್ವಲ್ಪ ಮೇಲೇಳುತ್ತದೆ, ಪರವಾಗಿಲ್ಲ. ಮುಕ್ಕಾಲಿ ಎತ್ತಿ ಬಾಗಿಲ ಕಂಬವನ್ನು ಪೂರ್ವಕ್ಕೆ ನಿಲ್ಲಿಸಿ.

ಉಳಿದ ಕಂಬ ಇಡುವ ಕ್ರಮದಲ್ಲೇ ಹೆಚ್ಚಿನವರು ಸೋಲುವುದು. ಮುಕ್ಕಾಲಿಯ ಕಂಬಗಳು ಮೇಲೆ ಒಂದನ್ನೊಂದು ದಾಟುವಲ್ಲಿ ಕವೆಗಳಾಗುತ್ತವೆ; ಹೆಚ್ಚು ಕಂಬಗಳು ಮುಂದಿನ ಕವೆಯಲ್ಲಿ ಕೂರಬೇಕು, ಹಿಂದಿನ ಕವೆಗೆ ಕಡಿಮೆ. ಹಾಗಾದರೆ ನೆತ್ತಿಯ ಗಂಟಿನ ದಪ್ಪವೆಲ್ಲ ಹೊಗೆಕಿಂಡಿಯ ಕಡೆ ಉಳಿದು, ಹಿಂದೆ ಬಟ್ಟೆ ಮೈಗೆ ಅಂಟಿ ಕೂರುತ್ತದೆ. ಮನಸ್ಸಿಗೆ ಬಂದಂತೆ ಇಟ್ಟರೆ ಗಂಟು ಊದಿಕೊಂಡು ಹೊದಿಕೆಯ ಎರಡು ಅಂಚು ಮುಂದೆ ಸೇರುವುದೇ ಇಲ್ಲ. ಕಂಬಗಳೆಲ್ಲ ಕೂತ ಮೇಲೆ ಹಗ್ಗವನ್ನು ಸುತ್ತಲೂ ನಾಲ್ಕು ಸಲ ತಂದು ಬಿಗಿಯಿರಿ. ಹಿಂದೆ ಮಧ್ಯದಲ್ಲಿ ಬಿಟ್ಟ ಜಾಗಕ್ಕೆ ಎತ್ತುವ ಕಂಬ. ಲಾಡಿಯನ್ನು ಅದಕ್ಕೆ 10 ಅಡಿಗೆ ಕಟ್ಟಿ, ಹೊದಿಕೆ ಸಮೇತ ಎತ್ತಿ ನಿಲ್ಲಿಸಿ, ಎರಡು ಕಡೆಯಿಂದ ಸುತ್ತಿ ತಂದು ಬಿದಿರ ಕಡ್ಡಿಗಳಿಂದ ಮೇಲಿನಿಂದ ಕೆಳಗೆ ಹೆಣೆಯಿರಿ. ಲಾಡಿ ಎತ್ತರಕ್ಕೆ ಬಿದ್ದರೆ ಸೆರಗು ನೆಲ ಬಿಡುತ್ತದೆ, ತಗ್ಗಿಗೆ ಬಿದ್ದರೆ ಬಟ್ಟೆ ನೆರಿಗೆಗಟ್ಟುತ್ತದೆ. ಕೊನೆಗೆ ಒಳಗೆ ಹೋಗಿ ಒಂದೊಂದೇ ಕಂಬದ ಬುಡವನ್ನು ಹೊರಕ್ಕೆ ತಳ್ಳಿ. ಬಟ್ಟೆ ತಮಟೆಯ ಹಾಗೆ ಬಿಗಿದ ಮೇಲೆ ಗೂಟ ಹೊಡೆಯಿರಿ, ಅದಕ್ಕೆ ಮೊದಲು ಬೇಡ.

ಹೊಗೆಕಿವಿಗಳನ್ನು ಹೊರಗಿನ ಎರಡು ಕಂಬಗಳಿಂದ ಗಾಳಿಗೆ ಬೆನ್ನು ಮಾಡಿ ತಿರುಗಿಸುತ್ತಾರೆ. ಒಳಗೆ ನೆಲದಿಂದ ಎದೆಮಟ್ಟಕ್ಕೆ ಇನ್ನೊಂದು ಪರದೆ ಇರುತ್ತದೆ. ಹೊದಿಕೆಯ ಕೆಳಗಿಂದ ನುಗ್ಗುವ ತಂಪು ಗಾಳಿ ಆ ಪರದೆಯ ಹಿಂದೆ ಮೇಲೇರಿ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ನಿಮ್ಮ ಚಿಕ್ಕ ಬಟ್ಟೆ ಟೀಪಿಯಲ್ಲಿ ಮಾತ್ರ ಬೆಂಕಿ ಹಾಕಲೇಬೇಡಿ. ಬಾಗಿಲು ಪೂರ್ವಕ್ಕಿಡುವುದು ಉದಯಿಸುವ ಸೂರ್ಯನಿಗಾಗಿ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಬೆನ್ನು ಅದನ್ನು ತಡೆಯುತ್ತದೆ. ನಮ್ಮಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದ್ದೇ ಆದ್ದರಿಂದ ಅದೇ ದಿಕ್ಕು ನಡೆಯುತ್ತದೆ.

ಇನ್ನೊಂದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಚರ್ಮ ಹದ ಮಾಡುವುದು, ಹತ್ತು ಹದಿನೈದಕ್ಕೂ ಹೆಚ್ಚು ಬೈಸನ್ ಚರ್ಮ ಸೇರಿಸಿ ಹೊಲಿಯುವುದು, ನಿಲ್ಲಿಸುವುದು, ಕಳಚುವುದು ಎಲ್ಲವೂ ಹೆಂಗಸರ ಕೆಲಸವಾಗಿತ್ತು, ಮನೆಯ ಒಡೆತನವೂ ಅವರದೇ. ಗಂಡು ಹುಡುಗರಷ್ಟೇ ಕಂಬ ಎತ್ತಿ, ಹುಡುಗಿಯರು ಚಪ್ಪಾಳೆ ತಟ್ಟುವ ಟೀಪಿ ಶೈಯೆನ್ನರದಾಗುವುದಿಲ್ಲ.

ಪ್ರಶ್ನೆ: ಮಗನ ವೇಷಭೂಷಣ ಸ್ಪರ್ಧೆಗೆ ಗರಿ ಕಿರೀಟ ಮಾಡುವುದು ಹೇಗೆ? — ಓದುಗರು, ಯಲಹಂಕ

ದಯವಿಟ್ಟು ಬೇಡ. ಹದ್ದಿನ ಗರಿಯ ಕಿರೀಟ ಅಲ್ಲಿ ಉಡುಪಲ್ಲ, ಗಳಿಸಿದ ಗೌರವ. ಅದನ್ನು ಧರಿಸುವ ಹಕ್ಕು ಯಾರಿಗಿದೆ ಎಂಬುದನ್ನು ಸಮುದಾಯ ತೀರ್ಮಾನಿಸುತ್ತದೆ. ಮಗನಿಗೆ ರಟ್ಟು, ಬಟ್ಟೆ, ಕಡ್ಡಿ ಕೊಟ್ಟು ಚಿಕ್ಕ ಟೀಪಿ ಮಾಡಿಸಿ, ವೇದಿಕೆಯ ಮೇಲೆ ಅದರ ಭಾಗಗಳನ್ನು ವಿವರಿಸಲಿ.

ಪ್ರಶ್ನೆ: ಚಾರಣಕ್ಕೆ ಒಯ್ಯಲು ಪೆಮಿಕನ್ ಮಾಡಬೇಕೆಂದಿದೆ. ಅದು ನಮ್ಮ ಉಪ್ಪುಕಂಡದಂತೆಯೇ? — ಚಾರಣಿಗರು, ಮಲ್ಲೇಶ್ವರಂ

ಎರಡೂ ಒಣಮಾಂಸವೇ, ಆದರೆ ದಾರಿ ಬೇರೆ. ಉಪ್ಪುಕಂಡವನ್ನು ಕಾಯುವುದು ಉಪ್ಪು, ಅರಿಶಿನ. ಶೈಯೆನ್ ಹೆಂಗಸರು ಉಪ್ಪಿಲ್ಲದೆ, ಬೈಸನ್ ಮಾಂಸವನ್ನು ತೆಳ್ಳನೆ ಹಾಳೆಯಂತೆ ಬಿಡಿಸಿ, ಗಳಗಳ ಮೇಲೆ ಬಿಸಿಲು ಗಾಳಿಗೆ ಹರವುತ್ತಿದ್ದರು. ಹುಲ್ಲುಬಯಲಿನ ಒಣಹವೆಯಲ್ಲಿ ಅದು ಬೇಗ ಒಣಗುತ್ತಿತ್ತು. ಆಮೇಲೆ ಕೆಂಡದ ಮೇಲೆ ತುಸು ಸುಟ್ಟು, ಕಲ್ಲಿನಿಂದ ಕುಟ್ಟಿ, ಕರಗಿಸಿದ ಕೊಬ್ಬು ಬೆರೆಸಿದರೆ ಪೆಮಿಕನ್. ಕಾಡು ಚೆರಿಯನ್ನು ಬೀಜ ಸಮೇತ ಜಜ್ಜಿ ಬಿಲ್ಲೆ ತಟ್ಟಿ ಒಣಗಿಸಿ ಅದಕ್ಕೆ ಸೇರಿಸುವುದೂ ಇತ್ತು.

ಬೆಂಗಳೂರಿನ ಮಳೆಗಾಲದಲ್ಲಿ ಬಿಸಿಲನ್ನು ನಂಬಿ ಇಳಿಯಬೇಡಿ, ಬೂಷ್ಟು ಗ್ಯಾರಂಟಿ. ಓವನ್ ಬಳಸಿ. ಕೊಬ್ಬಿನ ಎಳೆಯೂ ಇಲ್ಲದ 1 ಕಿಲೋ ಮಾಂಸವನ್ನು 3–4 ಮಿಲಿಮೀಟರ್ ದಪ್ಪಕ್ಕೆ ಸೀಳಿ (ಅರ್ಧ ಹೆಪ್ಪುಗಟ್ಟಿಸಿದರೆ ಕತ್ತಿಗೆ ಸುಲಭ). ಮೊದಲು ಮಾಂಸದ ಒಳಬಿಸಿ 71 ಡಿಗ್ರಿ ಸೆಲ್ಸಿಯಸ್ ತಲುಪಲಿ, ರೋಗಾಣು ಸಾಯುವುದು ಆಗಲೇ. ನಂತರ 60–65 ಡಿಗ್ರಿಯಲ್ಲಿ ಬಾಗಿಲು ಒಂದು ಬೆರಳು ತೆರೆದಿಟ್ಟು ಒಣಗಿಸಿ. ಬಾಗಿಸಿದರೆ ಬಾಗಬಾರದು, ಹಪ್ಪಳದಂತೆ ಮುರಿಯಬೇಕು. ಕಿಲೋಗೆ ಸುಮಾರು 300 ಗ್ರಾಂ ಉಳಿಯುತ್ತದೆ. ಕುಟ್ಟಿ ನಾರು ನಾರಾದ ಪುಡಿ ಮಾಡಿ.

ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ ಸೋಸಿ. ಗುಳ್ಳೆ ನಿಲ್ಲುವವರೆಗೆ ಕಾಯಲೇಬೇಕು, ಗುಳ್ಳೆ ಎಂದರೆ ಇನ್ನೂ ನೀರಿದೆ ಎಂದರ್ಥ. 300 ಗ್ರಾಂ ಪುಡಿಗೆ 250ರಿಂದ 300 ಗ್ರಾಂ ಕೊಬ್ಬು, ಬೆರಳಿಗೆ ಸಹಿಸುವಷ್ಟು ಬಿಸಿ ಇರುವಾಗ ಹಾಕಿ ಕಲಸಿ, ಒತ್ತಿ ಬಿಲ್ಲೆ ಮಾಡಿ. ಪೆಮಿಕನ್ ಕೆಡುವುದು ಮುಖ್ಯವಾಗಿ ಎರಡು ಕಾರಣಕ್ಕೆ: ಮಾಂಸದಲ್ಲಿ ಉಳಿದ ತೇವ, ಕೊಬ್ಬಿನಲ್ಲಿ ಉಳಿದ ನೀರು. ಮಾಂಸದೊಳಗೇ ಕೊಬ್ಬಿದ್ದರೆ ಅದು ಒಣಗದೆ ಕಮಟುತ್ತದೆ, ಅದಕ್ಕೇ ಆರಂಭದಲ್ಲಿ ಬಿಡಿಸಿ ತೆಗೆಯುವುದು. ಶೈಯೆನ್ನರು ಇದನ್ನು ಬಣ್ಣದ ಚಿತ್ತಾರ ಬರೆದ ಹಸಿಚರ್ಮದ ಮಡಿಕೆ ಚೀಲಗಳಲ್ಲಿ ಇಡುತ್ತಿದ್ದರು. ನೀವು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಹೊರಡುವ ದಿನದವರೆಗೆ ಫ್ರಿಜ್ಜಿನಲ್ಲಿಡಿ.

ಪ್ರಶ್ನೆ: ಪೊಲೀಸ್, ಕೋರ್ಟು ಇಲ್ಲದ ಸಮಾಜದಲ್ಲಿ ಕೊಲೆಗೆ ಶಿಕ್ಷೆ ಯಾರು ಕೊಡುತ್ತಿದ್ದರು? ಬಾಣಗಳ ಪೂಜಾವಿಧಿಯನ್ನೂ ತಿಳಿಸಿ. — ಕಾನೂನು ವಿದ್ಯಾರ್ಥಿ, ರಾಜಾಜಿನಗರ

ಪೊಲೀಸರೂ ಇದ್ದರು, ಸಭೆಯೂ ಇತ್ತು. ಹತ್ತು ಗುಂಪುಗಳಿಂದ ತಲಾ ನಾಲ್ವರು, ಹಿಂದಿನ ಸಭೆಯಿಂದ ಉಳಿಸಿಕೊಂಡ ನಾಲ್ವರು ಹಿರಿಯರು, ಒಟ್ಟು 44 ಮುಖ್ಯಸ್ಥರ ಸಭೆ. ಅವಧಿ 10 ವರ್ಷ. ಮುಖ್ಯಸ್ಥನಾದವನು ಕೇಳಿದವರಿಗೆ ಇಲ್ಲವೆನ್ನಬಾರದು, ಯಾವ ಕೆಣಕಿಗೂ ಸಿಟ್ಟಾಗಬಾರದು. ಯೋಧರ ಸಂಘಗಳು ಬೇರೆ ಇದ್ದವು. ಅವುಗಳಲ್ಲೊಂದರ ನಾಯಕ ಮುಖ್ಯಸ್ಥನಾದರೆ ಆ ನಾಯಕತ್ವ ಬಿಡಬೇಕಿತ್ತು. ಆಯುಧ ಹಿಡಿದವರ ಕೈಗೆ ತೀರ್ಪನ್ನೂ ಕೊಡದ ಈ ಏರ್ಪಾಡು ನೀವು ಗಮನಿಸಬೇಕಾದ್ದು.

ಶೈಯೆನ್ನನೊಬ್ಬ ಶೈಯೆನ್ನನನ್ನೇ ಕೊಂದರೆ ಇಡೀ ಜನಾಂಗದ ನಾಲ್ಕು ಪವಿತ್ರ ಬಾಣಗಳಿಗೆ ರಕ್ತ ಅಂಟಿತು, ಬೈಸನ್ ದೂರ ಸರಿಯುತ್ತದೆ ಎಂಬ ನಂಬಿಕೆ. ಈ ಬಾಣಗಳನ್ನು ಇಂದಿನ ದಕ್ಷಿಣ ಡಕೋಟದ ಬೇರ್ ಬ್ಯೂಟ್ ಬೆಟ್ಟದಿಂದ ತಂದವನು ಸ್ವೀಟ್ ಮೆಡಿಸಿನ್ ಎಂಬ ಪ್ರವಾದಿ ಎಂದು ಅವರ ಪರಂಪರೆ ಹೇಳುತ್ತದೆ. ಕೊಲೆಗೆ ಕೊಲೆ ಎಂದರೆ ಬಾಣಕ್ಕೆ ಮತ್ತೆ ರಕ್ತ, ಆದ್ದರಿಂದ ಮರಣದಂಡನೆಯಿಲ್ಲ, ಗಡೀಪಾರು. ಸೇಡಿನ ಸರಪಳಿ ಅಲ್ಲೇ ಕಡಿಯುತ್ತಿತ್ತು. ವರ್ಷಗಳ ನಂತರ ಸತ್ತವನ ಬಂಧುಗಳು ಒಪ್ಪಿದರೆ ಮರಳಿ ಬರಬಹುದಿತ್ತು.

ಯೋಧರ ಸಂಘಗಳ ಕೆಲಸ ದೊಡ್ಡ ಬೇಟೆಯ ಶಿಸ್ತು. ಒಬ್ಬ ಆತುರಪಟ್ಟು ಮುಂದೆ ನುಗ್ಗಿದರೆ ಹಿಂಡೇ ಚದುರಿ ಚಳಿಗಾಲಕ್ಕೆ ಎಲ್ಲರಿಗೂ ಉಪವಾಸ. ಅಂಥವನಿಗೆ ಚಾಟಿ ಏಟು ಬೀಳುತ್ತಿತ್ತು, ಅವನ ಕುದುರೆಯನ್ನು ಕೊಲ್ಲುವುದೂ ಇತ್ತು. ಆದರೆ ಅವನು ತಪ್ಪೊಪ್ಪಿಕೊಂಡರೆ ಶಿಕ್ಷಿಸಿದ ಯೋಧರೇ ಮುಂದೆ ಬಂದು ಕುದುರೆ, ಬಂದೂಕು ಕೊಟ್ಟ ಪ್ರಸಂಗ ದಾಖಲಾಗಿದೆ. ಶಿಕ್ಷೆ ಮುಗಿದ ಮೇಲೆ ಅವನು ಬೇಟೆಯಾಡಿ ಸಂಸಾರ ಸಾಕಬೇಕಲ್ಲ.

ಬಾಣಗಳ ವಿಧಿಯನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರು ಹೊರಗಿನವರಿಗೆ ಹಂಚಲು ಬಯಸದ, ಇಂದಿಗೂ ಆಚರಣೆಯಲ್ಲಿರುವ ಪೂಜೆ.

ಪ್ರಶ್ನೆ: ಅಳಿಯ ಅತ್ತೆಯ ಜೊತೆ ಮಾತಾಡುವಂತಿರಲಿಲ್ಲವಂತೆ, ನಿಜವೇ? — ಗೃಹಿಣಿ, ಚಾಮರಾಜಪೇಟೆ

ನಿಜ. ಮದುವೆಯಾದ ಗಂಡು ಹೆಂಡತಿಯ ತವರಿನ ಪಕ್ಕದಲ್ಲೇ ಬಿಡಾರ ಹೂಡುತ್ತಿದ್ದ. ಅಷ್ಟು ಹತ್ತಿರವಿದ್ದೂ ಅತ್ತೆ-ಅಳಿಯ ಎದುರುಬದುರಾಗದಂತೆ ಇಬ್ಬರೂ ಎಚ್ಚರ ವಹಿಸುತ್ತಿದ್ದರು. ಅದು ಹಗೆಯಲ್ಲ, ಮರ್ಯಾದೆ. ಕುದುರೆಯಂಥ ಬೆಲೆಬಾಳುವ ಕೊಡುಗೆ ಕೊಟ್ಟು ಈ ಕಟ್ಟನ್ನು ಸಡಿಲಿಸಿಕೊಳ್ಳಲು ದಾರಿಯಿತ್ತು. ದೊಡ್ಡಪ್ಪ ಚಿಕ್ಕಪ್ಪಂದಿರು ಅಪ್ಪನ ಸಮ, ದೊಡ್ಡಮ್ಮ ಚಿಕ್ಕಮ್ಮಂದಿರು ಅಮ್ಮನ ಸಮ ಎಂಬಲ್ಲಿ ಅವರೂ ನಾವೂ ಒಂದೇ. ಆದರೆ ನಮ್ಮಲ್ಲಿ ಸೋದರತ್ತೆಯ ಮಗ ವರನಾಗಬಹುದು, ಅಲ್ಲಿ ಅವನೂ ಅಣ್ಣತಮ್ಮನೇ. ಸೋದರ ಸಂಬಂಧದ ಮದುವೆ ಅವರಿಗೆ ಊಹಿಸಲೂ ಆಗದ ಮಾತು.

ಪ್ರಶ್ನೆ: ಈಗ ಅವರು ಎಲ್ಲಿದ್ದಾರೆ? ಭಾಷೆ ಉಳಿದಿದೆಯೇ? — ನಿವೃತ್ತ ಅಧ್ಯಾಪಕರು, ಬಸವನಗುಡಿ

ಉತ್ತರದವರು ಮೊಂಟಾನದಲ್ಲಿ, ದಕ್ಷಿಣದವರು ಒಕ್ಲಹೋಮದಲ್ಲಿ ಅರಾಪಾಹೊ ಜನರ ಜೊತೆ. ಈ ನೆಲೆಗಳ ಹಿಂದೆ ದೊಡ್ಡ ನೋವಿದೆ. 1864ರ ನವೆಂಬರ್ 29ರಂದು ಕೊಲರಾಡೋದ ಸ್ಯಾಂಡ್ ಕ್ರೀಕ್‌ನಲ್ಲಿ, ಶಾಂತಿ ಬಯಸಿ ಬೀಡುಬಿಟ್ಟಿದ್ದವರ ಮೇಲೆ ಸೈನ್ಯ ಎರಗಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಮುಂದೆ ಉತ್ತರದವರನ್ನು ದಕ್ಷಿಣಕ್ಕೆ ಸಾಗಿಸಿದಾಗ ಜ್ವರ, ಹಸಿವು ತಾಳಲಾರದೆ 1878ರಲ್ಲಿ ಡಲ್ ನೈಫ್ ಮತ್ತು ಲಿಟಲ್ ವುಲ್ಫ್ ಮುಂದಾಳತ್ವದಲ್ಲಿ ಊರಿನತ್ತ ನಡೆದರು, ದಾರಿಯಲ್ಲಿ ಅನೇಕರನ್ನು ಕಳೆದುಕೊಂಡರು. 1884ರಲ್ಲಿ ಮೊಂಟಾನದಲ್ಲಿ ಅವರಿಗೆ ನೆಲ ಸಿಕ್ಕಿತು.

ಭಾಷೆ ಅಲ್ಗಾಂಕಿಯನ್ ಕುಟುಂಬದ್ದು. ರೋಮನ್ ಲಿಪಿಯ 14 ಅಕ್ಷರಗಳಲ್ಲಿ ಬರೆಯುತ್ತಾರೆ, ಸ್ವರಾಕ್ಷರ ಮೂರೇ. ಪಿಸುಗುಟ್ಟಿದಂತೆ ಉಚ್ಚರಿಸುವ ಸ್ವರಗಳಿವೆ, ಅವಕ್ಕೆ ತಲೆಯ ಮೇಲೆ ಗುರುತಿಡುತ್ತಾರೆ. ನಿರರ್ಗಳವಾಗಿ ಆಡುವವರಲ್ಲಿ ಹೆಚ್ಚಿನವರು ಹಿರಿಯರು. ಮೊಂಟಾನದ ಲೇಮ್ ಡೀರ್ ಊರಿನಲ್ಲಿ ಡಲ್ ನೈಫ್ ಹೆಸರಿನದೇ ಕಾಲೇಜನ್ನು ಸಮುದಾಯ ನಡೆಸುತ್ತಿದ್ದು, ಅಲ್ಲಿ ಶೈಯೆನ್ ಭಾಷೆಯನ್ನು ಕಲಿಸುತ್ತಾರೆ.