ಸ್ಪೀಚ್ ಥೆರಪಿಸ್ಟ್ ಮಾತನ್ನು ನಂಬಬಹುದೇ?

ಪುತ್ತೂರಿನ ಸೋದರಿ,

ಎರಡು ವರ್ಷ ಎರಡು ತಿಂಗಳಾದರೂ ಮಗನಿಗೆ ಮಾತು ಬಂದಿಲ್ಲವೆಂದು ಸ್ಪೀಚ್ ಥೆರಪಿಸ್ಟ್ ಬಳಿ ಹೋದಿರಿ. ಅವರು ‘ಆಟಿಸಂ ಇರಬಹುದು, ತಜ್ಞರಿಗೆ ತೋರಿಸಿ’ ಎಂದರು. (ಆಟಿಸಂ ಎಂದರೆ ಇತರರೊಡನೆ ಬೆರೆಯುವ, ಸಂವಹಿಸುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ.) ಡಾಕ್ಟರಲ್ಲದವರು ಹೀಗೆನ್ನಬಹುದೇ ಎಂದು ಕೇಳಿದ್ದೀರಿ.

ಅನ್ನಬಹುದು, ಅನುಮಾನ ಬಂದರೆ ಅನ್ನಲೇಬೇಕು. ಮಾತು ತಡವಾದ ಮಗುವನ್ನು ಎಷ್ಟೋ ಮನೆಯವರು ಮೊದಲು ಕರೆದೊಯ್ಯುವುದೇ ಇವರ ಬಳಿಗೆ. ಪದವಿಲ್ಲದ ಮಗು ಬೇಕಾದ್ದನ್ನು ಹೇಗೆ ಕೇಳುತ್ತದೆ ಎಂಬುದರ ಮೇಲೆ ಇವರ ಕಣ್ಣು. ಸೋಪಿನ ಗುಳ್ಳೆ ಊದಿ, ಡಬ್ಬಿಯ ಮುಚ್ಚಳ ಬಿಗಿಮಾಡಿ ಕೊಟ್ಟು ಸುಮ್ಮನೆ ಕೂರುತ್ತಾರೆ. ಬರೀ ಮಾತು ತಡವಾದ ಮಗು ಡಬ್ಬಿ ಚಾಚಿ, ಮುಖ ನೋಡಿ ‘ಊಂ, ಊಂ’ ಎನ್ನುತ್ತದೆ. ಆಟಿಸಂ ಇದ್ದರೆ ಮುಖದತ್ತ ನೋಡದೆ ದೊಡ್ಡವರ ಕೈಯನ್ನೇ ಎಳೆದು ಮುಚ್ಚಳದ ಮೇಲಿಡುವುದು ಹೆಚ್ಚು. ಒಂದು ಡಬ್ಬಿಯಿಂದಲೇ ತೀರ್ಮಾನವಾಗದು, ನಿಜ. ಹೆಸರು ಕರೆದರೆ ತಿರುಗುತ್ತಾನೆಯೇ, ಕಾಗೆ ಕಂಡರೆ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತಾನೆಯೇ, ಬಂದಿದ್ದ ಮಾತು ನಿಂತುಹೋಗಿದೆಯೇ ಎಂದೂ ವಿಚಾರಿಸುತ್ತಾರೆ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಆಟಿಸಂ ಸುಳಿವು ಕೊಡುವ ಪ್ರತಿ ಉತ್ತರಕ್ಕೂ ಒಂದು ಅಂಕ. 3ರಿಂದ 7 ಅಂಕ ಬಂದರೆ ಮತ್ತಷ್ಟು ಕೇಳಬೇಕು. 8 ಅಥವಾ ಮೇಲಾದರೆ ನೇರ ತಜ್ಞರ ಬಳಿಗೆ.

ಎಬಿಸಿಡಿ ಒಪ್ಪಿಸುವ ಮಕ್ಕಳ ವಿಷಯದಲ್ಲೇ ಮನೆಯವರು ಮೋಸಹೋಗುವುದು. ನೀರು ಬೇಕಾದಾಗ ಅಮ್ಮನ ಧಾಟಿಯಲ್ಲೇ ‘ನಿಂಗೆ ನೀರು ಬೇಕಾ?’ ಎನ್ನುವ ಮಗುವಿಗೆ ಮಾತು ಬಂದಿದೆ ಎಂದು ನಾವೆಲ್ಲ ಖುಷಿಪಡುತ್ತೇವೆ. ಥೆರಪಿಸ್ಟ್ ಕಿವಿ ನಿಮಿರುತ್ತದೆ: ಕೇಳಿದ್ದನ್ನು ಹಾಗೇ ಒಪ್ಪಿಸುವುದೂ ಆಟಿಸಂ ಸುಳಿವಾಗಿರಬಹುದು.

ಶ್ರವಣ ಪರೀಕ್ಷೆ ಬಿಡಬೇಡಿ. ಟಿವಿ ಸದ್ದಿಗೆ ಓಡಿಬಂದ ಮಾತ್ರಕ್ಕೆ ಕಿವಿ ಪೂರ್ತಿ ಸರಿಯಿದೆ ಎನ್ನಲಾಗದು. ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಬೇರಾ ಪರೀಕ್ಷೆಗೆ ಈ ವಯಸ್ಸಿನ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ. ಮಂಗಳೂರಿನ ಬಸ್ಸಿನಲ್ಲೇ ನಿದ್ದೆ ತೀರಿಸಿಕೊಂಡರೆ ಕೆಲಸ ಕೆಟ್ಟಿತು.

ಖಚಿತಪಡಿಸುವುದು ಮಾತ್ರ ಮಕ್ಕಳ ಬೆಳವಣಿಗೆ ತಜ್ಞರು, ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್ ಅವರ ಕೆಲಸ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಿವೆ. ಆಸ್ಪತ್ರೆಯಲ್ಲಿ ಮಗು ಅಳುತ್ತಲೇ ಇದ್ದರೆ ಅವರಿಗೆ ಏನೂ ಕಾಣದು. ಊಟ, ಆಟ, ಹೆಸರು ಕರೆದದ್ದು, ತಲಾ ಎರಡು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ.

ಮನೆಯಲ್ಲಿ ತುಳು, ಹೊರಗೆ ಕನ್ನಡ ಎಂಬುದು ಇದಕ್ಕೆ ಕಾರಣವಲ್ಲ, ತುಳು ಬಿಡಬೇಡಿ. ಬಜೆ ನೆಕ್ಕಿಸಿದರೂ ನಾಲಿಗೆಯಡಿಯ ಪೊರೆ ಕತ್ತರಿಸಿದರೂ ಆಟಿಸಂ ಹೋಗದು. ಅಪ್ಪನೂ ಮೂರಕ್ಕೆ ಮಾತಾಡಿದ್ದು ಎಂದಿರಲ್ಲ, ಅದನ್ನು ಥೆರಪಿಸ್ಟ್‌ಗೆ ಹೇಳಿ. ಆದರೆ ಆ ನೆಪದಲ್ಲಿ ಕಾಯಬೇಡಿ. ತಜ್ಞರ ಸರದಿ ಬರುವ ಮೊದಲೇ ಥೆರಪಿ ಶುರುಮಾಡಬಹುದು, ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

— ಸಂ.